ಐದನೇ ಗಾಲಿಗೆ ಪ್ರದಕ್ಷಿಣೆ

ಬೆಂಗಳೂರು ವಿಮಾನ ನಿಲ್ದಾಣ

ನಾನು ಮೊದಲ ಸಲ ದೇಶ ಬಿಟ್ಟು ಹೊರಗೆ ಕಾಲಿಟ್ಟದ್ದು ಒಂದು ಕೊಂಡಿಯನ್ನು ಆರಿಸುವುದಕ್ಕೆ. ಹೀಗೆಂದರೆ ಹುಬ್ಬಳ್ಳಿಯಲ್ಲಿ ಯಾರೂ ನಂಬಲಿಲ್ಲ. ಮಲೇಷ್ಯಾಕ್ಕೆ ಹೋಗುವವರು ಜೋಡಿ ಗೋಪುರ ನೋಡುತ್ತಾರೆ, ಗುಹೆಯ ಮುಂದೆ ನಿಂತ ಬಂಗಾರದ ಬಣ್ಣದ ಮುರುಗನ ಜೊತೆ ಫೋಟೋ ತೆಗೆಸಿಕೊಳ್ಳುತ್ತಾರೆ. ನಾನು ಎರಡನ್ನೂ ನೋಡದೆ ಬಂದೆ. ಅವುಗಳ ಬಗ್ಗೆ ಓದಬೇಕೆಂದು ಈ ಪುಟ ತೆರೆದವರು ಇಲ್ಲಿಗೇ ಮಡಚಿಡಬಹುದು, ನನಗೇನೂ ಬೇಸರವಿಲ್ಲ.

ಹುಬ್ಬಳ್ಳಿಯ ಕೈಗಾರಿಕಾ ವಸಾಹತಿನಲ್ಲಿ ನಮ್ಮದೊಂದು ಶೆಡ್ಡಿದೆ. ಟ್ರ್ಯಾಕ್ಟರಿನ ಟ್ರೈಲರು, ನೀರಿನ ಟ್ಯಾಂಕರು, ಇಂಥವನ್ನು ಮಾಡುತ್ತೇವೆ. ಅಪ್ಪ ಶುರುಮಾಡಿದ್ದು, ಡಿಪ್ಲೊಮಾ ಮುಗಿಸಿದ ನಾನು ಮುಂದುವರಿಸಿದ್ದು. ಅಣ್ಣ ಶ್ರೀಪಾದ ಡಾಕ್ಟರಿಕೆ ಓದಲು ಮಣಿಪಾಲಕ್ಕೆ ಹೋದವನು ಉಡುಪಿಯ ವಾರಿಜಾ ಎಂಬ ಸಹಪಾಠಿಯನ್ನು ಮದುವೆಯಾದ. ಇಬ್ಬರೂ ಬಹಳ ವರ್ಷಗಳಿಂದ ಮಲೇಷ್ಯಾದ ಒಂದು ಮೆಡಿಕಲ್ ಕಾಲೇಜಿನಲ್ಲಿ ಪಾಠ ಹೇಳುತ್ತಾರೆ. ಅಣ್ಣನ ಹೆಂಡತಿಯನ್ನು ನಮ್ಮ ಕಡೆ ವೈನಿ ಎನ್ನುತ್ತೇವೆ.

ಕೊರೊನಾದಲ್ಲಿ ಮುಚ್ಚಿದ್ದ ಗಡಿಗಳು ತೆರೆದ ಕೆಲವೇ ವಾರಕ್ಕೆ ಅಣ್ಣನ ಫೋನು ಬಂತು.

“ಸುಮಾ, ಒಂದು ಕ್ಯಾರಾವಾನ್ ತಗೊಂಡೀನಿ. ಮನಿ ಇದ್ದಂಗ ಅದ ನೋಡು. ಮಂಚ, ಒಲಿ, ಬಚ್ಚಲ, ಎಲ್ಲಾ ಒಳಗ. ಪಿಕಪ್ ಗಾಡಿಗೆ ಕಟ್ಟಿ ಎಳೀಬೇಕು. ಅದರ ಹಿಚ್ ಇಲ್ಲಿ ಯಾರಿಗೂ ಸರಿ ಗೊತ್ತಿಲ್ಲ. ನಮ್ಮವರೇ ಆದ್ರ ಚಲೋ ಅಂತ. ನೀ ಬಂದು ಆರಿಸಿಕೊಡು.”

ಹಿಚ್ ಎಂದರೆ ಎಳೆಯುವ ಗಾಡಿಗೂ ಟ್ರೈಲರಿಗೂ ನಡುವಿನ ಕೊಂಡಿ. ನಮ್ಮವರೇ ಆದರೆ ಚಲೋ ಎಂಬ ಮಾತಿಗೆ ನಾನು ಉಬ್ಬಿದೆ. ಅಣ್ಣ ನನ್ನ ಕೆಲಸವನ್ನು ಕೆಲಸವೆಂದು ಕರೆದದ್ದು ಅದೇ ಮೊದಲು. ಫೋನಿಡುವ ಮುಂಚೆ ಇನ್ನೊಂದು ಮಾತು ಸೇರಿಸಿದ.

“ಬರೋವಾಗ ಉಡುಪಿಗೆ ಹೋಗಿ ಮಾವನವರ ಅಸ್ಥಿ ತಗೊಂಡು ಬಾ. ಇಲ್ಲಿ ಪೂರ್ವದ ಸಮುದ್ರಕ್ಕ ಗಾಡಿ ಒಯ್ದು ಅಲ್ಲೇ ಬಿಡೋಣ. ವಾರಿಜಾ ಹೂಂ ಅಂದಾಳ.”

ವೈನಿಯ ತಂದೆ ಹಿಂದಿನ ವರ್ಷ ಎರಡನೇ ಅಲೆಯಲ್ಲಿ ತೀರಿಹೋಗಿದ್ದರು. ವೈನಿ ದಹನವನ್ನು ಫೋನಿನಲ್ಲಿ ನೋಡಿದರು. ಅವರ ತಮ್ಮ ಮುರಳಿ ಅಸ್ಥಿಯನ್ನೆಲ್ಲ ಆಗಲೇ ವಿಸರ್ಜನೆ ಮಾಡಿ, ಅಕ್ಕನಿಗೆಂದು ಒಂದಿಷ್ಟನ್ನು ಮಣ್ಣಿನ ಕುಡಿಕೆಯಲ್ಲಿ ಎತ್ತಿಟ್ಟಿದ್ದ. ಅಸ್ಥಿಯನ್ನು ಮನೆಯೊಳಗೆ ಇಡುವಂತಿಲ್ಲವೆಂದು ಹಿತ್ತಿಲ ಬಾವಿಕಟ್ಟೆಯ ಗೂಡಿನಲ್ಲಿತ್ತು. ಮಲ್ಪೆಯ ಕಡಲಲ್ಲಿ ದಿನವೂ ಈಜುತ್ತಿದ್ದ ಮನುಷ್ಯ. ಮಗಳ ಕೈಯಿಂದ ಅಲ್ಲೇ ಬಿಡಿಸಿಕೊಳ್ಳಬೇಕೆಂದು ಹೇಳಿಹೋಗಿದ್ದರಂತೆ. ನಾನು ಕುಡಿಕೆ ಕೇಳಿದಾಗ ಮುರಳಿ ಬಾವಿಕಟ್ಟೆಗೆ ಹೋಗಿ ಎತ್ತಿಕೊಂಡು ಬಂದ. “ಅಕ್ಕ ಒಪ್ಪಿದ್ದಾಳಂತಾದರೆ ತಗೊಂಡು ಹೋಗಿ,” ಎಂದು ಕಾಗದಪತ್ರದ ಜೊತೆ ಕೊಟ್ಟ.

ವಿಮಾನ ನಿಲ್ದಾಣದ ತಪಾಸಣೆಯವನು ನನ್ನ ಕೈಚೀಲ ತೆರೆಸಿದ. ಒಂದು ಕಡೆ ಅಳತೆಪಟ್ಟಿ, ಸೂತ್ರದ ದಾರದ ಉಂಡೆ. ಇನ್ನೊಂದು ಕಡೆ ಬಾಯಿಗೆ ಬಿಳಿ ಬಟ್ಟೆ ಕಟ್ಟಿದ ಕುಡಿಕೆ.

“ಏನ್ ಮೇಡಂ ಇದು, ಉಪ್ಪಿನಕಾಯಾ?”

“ನಮ್ಮ ಅಣ್ಣನ ಮಾವನವರು,” ಎಂದೆ.

ಅವನು ಕೈ ಹಿಂದೆ ತೆಗೆದು ಬೂಟುಗಾಲು ಜೋಡಿಸಿ ನೆಟ್ಟಗೆ ನಿಂತ. ಮಾಸ್ಕಿನ ಮೇಲೆ ಕಣ್ಣಷ್ಟೇ ಕಾಣುತ್ತಿತ್ತು. ನಾನು ಕೊಟ್ಟ ಮರಣಪತ್ರದ ತಾರೀಖು ಓದಿದ. “ನಮ್ಮ ತಾಯಿದೂ ಅದೇ ತಿಂಗಳು ಮೇಡಂ,” ಎಂದು ಚೀಲದ ಜಿಪ್ಪನ್ನು ತಾನೇ ಎಳೆದುಕೊಟ್ಟ.

ಪುಚೊಂಗ್

ಅಣ್ಣನ ಮನೆ ಪುಚೊಂಗಿನಲ್ಲಿ, ಎತ್ತರದ ಒಂದು ಕಟ್ಟಡದ ಮೇಲಿನ ಮಹಡಿಯಲ್ಲಿ. ಲಿಫ್ಟಿನ ನೆಲದಲ್ಲಿ ಯಾರೆಲ್ಲಿ ನಿಲ್ಲಬೇಕೆಂದು ಅಂಟಿಸಿದ್ದ ಹಳದಿ ಪಾದಗಳು ಅರ್ಧ ಕಿತ್ತುಹೋಗಿದ್ದವು. ಆದರೂ ಜನ ಅವುಗಳ ಮೇಲೇ ಕಾಲಿಟ್ಟು ಗೋಡೆ ನೋಡುತ್ತ ನಿಲ್ಲುತ್ತಿದ್ದರು. ನಮ್ಮಲ್ಲಿ ಸುಣ್ಣದ ವೃತ್ತಗಳು ಒಂದೇ ದಿನಕ್ಕೆ ಅಳಿಸಿಹೋಗಿದ್ದು ನೆನಪಾಯಿತು. ಎದುರು ಮನೆಯ ತಮಿಳು ಮುದುಕಮ್ಮ ಮಾತ್ರ ನನ್ನನ್ನು ಕಂಡದ್ದೇ “ಊರಲ್ಲಿ ಎಲ್ಲಾರೂ ಸೌಖ್ಯಮಾ?” ಎಂದು ಅರ್ಧ ಕನ್ನಡ ಅರ್ಧ ತಮಿಳಿನಲ್ಲಿ ಕೇಳಿದರು. ಲಾಕ್‌ಡೌನಿನಲ್ಲಿ ಒಂದು ಮನೆಯಿಂದ ಒಬ್ಬರೇ ಹೊರಗೆ ಹೋಗಬಹುದಿತ್ತಂತೆ. ಆಗ ಈ ಅಮ್ಮ ತಮ್ಮ ಮಗ ತಪಾವ್ ಮಾಡಿಸಿ, ಎಂದರೆ ಪೊಟ್ಟಣ ಕಟ್ಟಿಸಿ ತಂದ ರೊಟ್ಟಿಯಲ್ಲಿ ಒಂದು ಪಾಲನ್ನು ಅಣ್ಣನ ಬಾಗಿಲ ಹಿಡಿಕೆಗೆ ನೇತುಹಾಕುತ್ತಿದ್ದರಂತೆ.

ವೈನಿ ಬಡವಾಗಿದ್ದರು. ನಗುನಗುತ್ತಲೇ ಚಹಾ ಕೊಟ್ಟರು. ನಾನು ಚೀಲ ಬಿಚ್ಚಿ ಕುಡಿಕೆಯನ್ನು ಎರಡು ಕೈಯಲ್ಲಿ ಹಿಡಿದು ಮುಂದೆ ಚಾಚಿದೆ.

ಅವರು ಅದನ್ನು ನೋಡಿದರು. ಬಟ್ಟೆಯ ಗಂಟು ನೋಡಿದರು. ತಮ್ಮನ ಗಂಟು ಗುರುತಿಗೆ ಸಿಕ್ಕಿರಬೇಕು.

“ಇದು ಇಲ್ಲಿಗೆ ಯಾಕೆ ಬಂತು, ಸುಮಾ?”

ನಾನು ಅಣ್ಣನ ಕಡೆ ನೋಡಿದೆ. ಅವನು ಕಿಟಕಿಯ ಪರದೆ ಸರಿಮಾಡುತ್ತಿದ್ದ.

“ನಾನು ಹೋಗ್ತೇನೆ ಅಂತ ಹೇಳಿದ್ದಲ್ವಾ ಮಾರಾಯ್ರೆ? ಗಡಿ ತೆಗೆದ ಕೂಡ್ಲೇ ಹೋಗುವ ಅಂತ ನೀವೇ ಹೇಳಿದ್ದು.”

“ಹೋಗಿ ಅಲ್ಲಿ ಮತ್ತ ಗಡಿ ಮುಚ್ಚಿದ್ರ? ಮೊದಲನೇ ಸಲ ಎಷ್ಟು ದಿನ ಅಂದಿದ್ರು, ಎಷ್ಟು ವರ್ಷ ಆತು? ನೀ ಅಲ್ಲಿ, ನಾ ಇಲ್ಲಿ, ಮಗಳು ಒಬ್ಬಾಕಿ. ಅದಕ್ಕ ಮನಿನೇ ತಂದೀನಿ. ಇನ್ನು ಯಾರೂ ನಮ್ಮನ್ನ ಕೂಡಿಹಾಕೂದಿಲ್ಲ. ಸಮುದ್ರ ಎಲ್ಲಾ ಒಂದೇ, ವಾರಿಜಾ.”

ಅವನು ಸುಳ್ಳು ಹೇಳುತ್ತಿರಲಿಲ್ಲ. ಭಯ ಅವನಿಗೆ ನಿಜವಾಗಿಯೂ ಇತ್ತು. ಆದರೆ ಭಯ ಇವನದು, ಸತ್ತದ್ದು ವೈನಿಯ ಅಪ್ಪ. ನನ್ನ ಬಾಯಿಯಿಂದ ಒಂದು ಕೆಟ್ಟ ಮಾತು ಬರುವುದರಲ್ಲಿತ್ತು. ಅಷ್ಟರಲ್ಲಿ ಅವರ ಮಗಳು ಮಾನಸಿ ಕೋಣೆಯಿಂದ ಬಂದು ನನ್ನ ತೋಳು ಹಿಡಿದಳು. ಹದಿನಾರರ ಹುಡುಗಿ, ಕನ್ನಡವೆಲ್ಲ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷು.

“ಲೀವ್ ಇಟ್, ಅತ್ತೆ. ಹೀ ವೋಂಟ್ ಲಿಸನ್.”

ವೈನಿ ಕುಡಿಕೆಯನ್ನು ಒಯ್ದು ಬಾಲ್ಕನಿಯ ಆಚೆ, ಏಸಿಯ ಹೊರಪೆಟ್ಟಿಗೆಯ ಮೇಲೆ ಇಟ್ಟರು. ಫ್ಲ್ಯಾಟಿನಲ್ಲಿ ಮನೆಯ ಹೊರಗು ಎಂದರೆ ಅಷ್ಟೇ ಜಾಗ. ಅದು ಗಡಗಡ ಅದುರುತ್ತದೆಂದು ಆಮೇಲೆ ಇಡೀ ಮನೆಯ ಏಸಿ ಆರಿಸಿದರು. ನಾವು ಬೆವರುತ್ತ ಊಟ ಮಾಡಿದೆವು.

ಮಾಂಟ್ ಕಿಯಾರಾ

ಆ ಕ್ಯಾರಾವಾನನ್ನು ಯಾರೋ ಆಸ್ಟ್ರೇಲಿಯಾದವರು ತರಿಸಿ, ಒಂದು ದಿನವೂ ಎಳೆಯದೆ, ಕೊರೊನಾದಲ್ಲಿ ಊರು ಬಿಟ್ಟಾಗ ಬಿಟ್ಟುಹೋಗಿದ್ದರು. ಅಣ್ಣನಿಗೆ ಅದನ್ನು ಗಂಟುಹಾಕಿದವನು ಅದು ನಿಂತಿದ್ದ ಮಾಂಟ್ ಕಿಯಾರಾದಲ್ಲೇ ವಾಸವಿದ್ದ ಹರೀಶ. ಮೈಸೂರಿನವನು, ಐಟಿ ಕೆಲಸ, ಮನೆಯಲ್ಲೇ ಕೂತ ಎರಡು ವರ್ಷದಲ್ಲಿ ಕ್ಯಾರಾವಾನಿನ ವಿಡಿಯೋ ನೋಡಿ ನೋಡಿ ಪಂಡಿತನಾಗಿದ್ದ. ಅವನ ಬಳಿ ಕ್ಯಾರಾವಾನಿರಲಿ, ಸೈಕಲ್ಲೂ ಇರಲಿಲ್ಲ. ಕೆಳಗಿನ ಅಂಗಡಿಯಿಂದ ಹಾಲು ತರುವುದಕ್ಕೂ ಆ್ಯಪಿನಲ್ಲಿ ಗಾಡಿ ಕರೆಯುತ್ತಿದ್ದ.

“ಅಕ್ಕ, ನೀವೇನೂ ಯೋಚ್ನೆ ಮಾಡ್ಬೇಡಿ. ಫಿಫ್ತ್ ವೀಲ್ ಅಂದ್ರೆ ಸ್ಟೇಬಿಲಿಟಿ ಸೂಪರ್ ಆಗಿರತ್ತೆ. ಅಮೆರಿಕದಲ್ಲಿ ಅಜ್ಜ ಅಜ್ಜಿಯರೆಲ್ಲ ಎಳ್ಕೊಂಡ್ ಹೋಗ್ತಾರೆ.”

ಇದರ ಬಗ್ಗೆ ಗೊತ್ತಿಲ್ಲದವರಿಗೆ ಎರಡು ಮಾತು. ಐದನೇ ಗಾಲಿ ಎಂದರೆ ಉರುಳುವ ಗಾಲಿಯಲ್ಲ. ನಮ್ಮ ಹೆದ್ದಾರಿಯಲ್ಲಿ ಕಂಟೇನರ್ ಎಳೆಯುವ ಲಾರಿಯ ಬೆನ್ನ ಮೇಲೆ ಗ್ರೀಸು ಬಳಿದ ಒಂದು ದಪ್ಪ ತಟ್ಟೆ ನೋಡಿರುತ್ತೀರಿ, ಅದೇ. ಟ್ರೈಲರಿನ ಮೂತಿಯ ಕೆಳಗೊಂದು ಗೂಟ ಇಳಿಬಿದ್ದಿರುತ್ತದೆ. ಅದು ಆ ತಟ್ಟೆಯ ದವಡೆಯೊಳಗೆ ಕೂತು ಕಚ್ಚಿಕೊಳ್ಳುತ್ತದೆ. ಸಾಮಾನ್ಯ ಟ್ರೈಲರನ್ನು ಬಾಲಕ್ಕೆ ಕಟ್ಟುತ್ತೇವೆ. ಇದನ್ನು ಬೆನ್ನ ಮೇಲೆ ಹೊರುತ್ತೇವೆ. ಅದಕ್ಕೇ ಓಲಾಡುವುದಿಲ್ಲ, ಅದಕ್ಕೇ ಎಲ್ಲ ಪಿಕಪ್ಪಿಗೂ ಆಗುವುದಿಲ್ಲ. ಭಾರವೆಲ್ಲ ಹಿಂದಿನ ಅಚ್ಚಿನ ಮೇಲೆ ಬೀಳುತ್ತದೆ. ಇನ್ನೊಂದು ತೊಂದರೆ ಇದಕ್ಕಿಂತ ದೊಡ್ಡದು. ಅಮೆರಿಕದ ಪಿಕಪ್ಪುಗಳ ಹಿಂದಿನ ತೊಟ್ಟಿ ಉದ್ದ. ಇಲ್ಲಿಯವು ಮುಂದೆ ಎರಡು ಸಾಲು ಸೀಟು, ಹಿಂದೆ ಗಿಡ್ಡ ತೊಟ್ಟಿ. ಗಾಡಿ ಜೋರಾಗಿ ತಿರುಗಿದರೆ ಟ್ರೈಲರಿನ ಮೂತಿಯ ಮೂಲೆ ಸುತ್ತಿ ಬಂದು ಪಿಕಪ್ಪಿನ ಬೆನ್ನಿಗೇ ಗುದ್ದುತ್ತದೆ.

ನಾನು ದಾರದ ಉಂಡೆ ತೆಗೆದೆ. ಗೂಟದಿಂದ ಟ್ರೈಲರಿನ ಮುಂದಿನ ಮೂಲೆಯ ತನಕ ಹಿಡಿದು ಗಂಟು ಹಾಕಿದೆ. ಅದೇ ದಾರದ ಒಂದು ತುದಿಯನ್ನು ಪಿಕಪ್ಪಿನ ತೊಟ್ಟಿಯಲ್ಲಿ ಕೊಂಡಿ ಕೂರಬೇಕಾದ ಜಾಗಕ್ಕೆ ಒತ್ತಿ ಹಿಡಿಯಲು ಹರೀಶನಿಗೆ ಹೇಳಿ, ಗಂಟಿನ ತುದಿ ಹಿಡಿದು ಮುಂದಕ್ಕೆ ಸುತ್ತಿಸಿದೆ. ಹಿಂದಿನ ಗಾಜಿಗೆ ತಾಗಿ ನಿಂತಿತು. ಇನ್ನೂ ಒಂದು ಗೇಣು ದಾರ ಕೈಯಲ್ಲಿ ಉಳಿದಿತ್ತು. ಗಾಜಿನ ಆಚೆ, ಹಿಂದಿನ ಸೀಟಿನ ಎಡಗಡೆಯಲ್ಲಿ ವೈನಿ ಕೂತಿದ್ದರು. ಬಿಸಿಲಿಗೆ ಇಳಿದಿರಲಿಲ್ಲ. ತಮ್ಮ ತಲೆಯ ಹಿಂದೆ ನನ್ನ ಬೆರಳು ಕಂಡು ತಿರುಗಿ ನೋಡಿದರು.

“ಅಣ್ಣಾ, ಈ ದಾರ ಎಲ್ಲಿ ಬಂತು ನೋಡು. ಗಟ್ಟಿಯಾಗಿ ಒಂದೇ ಕಡೆ ಕೂಡೋ ಹಿಚ್ ಇದಕ್ಕ ಆಗೂದಿಲ್ಲ. ಸ್ಲೈಡರೇ ಬೇಕು. ತಿರುಗೋವಾಗ ಹಿಂದಕ್ಕ ಸರೀತದ ಅದು. ಖರೇ ಹೇಳಬೇಕಂದ್ರ ಈ ಗಾಡಿನೇ ಇದಕ್ಕ ಸಣ್ಣದು.”

“ಅಷ್ಟು ಗಟ್ಟಿ ನಾವೆಲ್ಲಿ ತಿರುಗಿಸ್ತೀವಿ? ಹೈವೇ ಮ್ಯಾಲೆ ನೆಟ್ಟಗ ಹೋಗೋದು.”

“ಹೈವೇಕ್ಕ ಮುಟ್ಟೋದು ಹ್ಯಾಂಗ?”

ಹರೀಶ ಮಧ್ಯೆ ಬಾಯಿ ಹಾಕಿ, “ಅಕ್ಕ, ಒಂದ್ಚೂರು ಅಡ್ಜಸ್ಟ್ ಮಾಡ್ಕೊಂಡ್ ಓಡಿಸ್ಬೋದು ಬಿಡಿ,” ಎಂದ. ನಮ್ಮವರು ದೇಶ ಬಿಟ್ಟು ಎಷ್ಟು ದೂರ ಹೋದರೂ ಈ ಅಡ್ಜಸ್ಟ್ ಎಂಬುದನ್ನು ಮಾತ್ರ ಸಾಮಾನಿನ ಜೊತೆ ಕಟ್ಟಿಕೊಂಡೇ ಹೋಗಿರುತ್ತಾರೆ.

ಕ್ಲಾಂಗ್ ರಸ್ತೆಯ ಅಂಗಡಿಗಳು

ಮೊದಲನೇ ಅಂಗಡಿಯ ಚೀನೀ ಯಜಮಾನ ಅರ್ಧ ಚಡ್ಡಿ ಹಾಕಿಕೊಂಡು, ಸಣ್ಣ ಲೋಟದಲ್ಲಿ ಕರಿ ಕಾಫಿ ಕುಡಿಯುತ್ತ ಕೂತಿದ್ದ. ನಮ್ಮ ಪಿಕಪ್ಪನ್ನು ಒಂದು ಸಲ ನೋಡಿದ. ಟ್ರೈಲರಿನ ಫೋಟೋ ನೋಡಿದ. ಅಳತೆ ಕೂಡ ಕೇಳಲಿಲ್ಲ.

“ಕೆನಾಟ್ ಲಾ,” ಎಂದ.

ಅಣ್ಣ ತಾನು ಪ್ರೊಫೆಸರೆಂದು ಶುರುಮಾಡಿದ. ಅಂಗಡಿಯವನು ಮುಗಿಯುವ ತನಕ ಕೇಳಿ ಮತ್ತೆ ಅದನ್ನೇ ಅಂದ. “ಫಿಕ್ಸೆಡ್ ಕೆನಾಟ್. ಸ್ಲೈಡರ್ ಕ್ಯಾನ್, ಬಟ್ ನೋ ಸ್ಟಾಕ್. ಶಿಪ್ ಸ್ಲೋ, ಆಂಟಿ. ಯೂ ವೇಯ್ಟ್.” ಕಡೆಯದನ್ನು ನನಗೆ ಹೇಳಿದ್ದು. ನಡುವಯಸ್ಸು ದಾಟಿದ ಹೆಂಗಸರೆಲ್ಲ ಇಲ್ಲಿ ಆಂಟಿ.

ನನಗೆ ಆ ಅಂಗಡಿಯವನ ಮೇಲೆ ಅಭಿಮಾನವೇನೂ ಉಕ್ಕಿಬರಲಿಲ್ಲ. ಬಂದ ಗಿರಾಕಿಯನ್ನು ಹೊರಗಟ್ಟಿ ಕಾಫಿಗೆ ತಿರುಗಿದ ಅಷ್ಟೇ. ಆದರೆ ಆಗುವುದಿಲ್ಲ ಎಂಬ ಮಾತು ಅಷ್ಟು ಸಲೀಸಾಗಿ ಬಾಯಿಯಿಂದ ಬರುವುದನ್ನು ನೋಡಿ ಹೊಟ್ಟೆಕಿಚ್ಚಾಯಿತು. ನಮ್ಮಲ್ಲಿ ಆಗುವುದಿಲ್ಲ ಎನ್ನುವುದಕ್ಕೆ ನೋಡೋಣ ಅನ್ನುತ್ತೇವೆ, ಮಾಡೋಣಂತೆ ಅನ್ನುತ್ತೇವೆ. ನನ್ನ ಶೆಡ್ಡಿನಲ್ಲೂ ಅದೇ ನಡೆಯುತ್ತದೆ.

ಅಣ್ಣನಿಗೆ ಕೆನಾಟ್ ಬೇಕಿರಲಿಲ್ಲ. ಎರಡನೇ ಅಂಗಡಿಗೆ ಹೋದೆವು, ಅಲ್ಲೂ ಅದೇ. ಮೂರನೆಯದು ದೊಡ್ಡ ಶೆಡ್ಡು, ಹೊಸ ಬಣ್ಣ. ಅಲ್ಲಿನವನು ನಗುತ್ತ “ಬೊಲೇ, ಬೊಲೇ” ಎಂದ. ಆಗುತ್ತದೆ ಎಂದರ್ಥ. ನಾನು ದಾರ ತೋರಿಸಿದೆ. ಅವನು ದಾರವನ್ನೂ ನೋಡಿ “ಬೊಲೇ” ಎಂದ. ಅಣ್ಣನ ಮುಖ ಅರಳಿತು. ನನ್ನನ್ನು ಮುಂದೆ ತಳ್ಳಿ, “ಮೈ ಸಿಸ್ಟರ್, ಇಂಜಿನಿಯರ್ ಫ್ರಂ ಇಂಡಿಯಾ,” ಎಂದು ಪರಿಚಯಿಸಿದ. ಆಗ ನನಗೆ ಹೊಳೆಯಿತು. ಕೊಂಡಿಯನ್ನು ಆರಿಸಲು ಇವನು ನನ್ನನ್ನು ಕರೆಸಿಲ್ಲ. ಆರಿಸಿಟ್ಟದ್ದಕ್ಕೆ ಮನೆಯವರ ಮುಂದೆ ತಂಗಿ ಹೂಂ ಅಂದಳೆಂದು ಹೇಳಲು ಕರೆಸಿದ್ದಾನೆ. ಒಂದು ಹೂಂ ವೈನಿಯದು, ಒಂದು ಹೂಂ ನನ್ನದು. ಎರಡನ್ನೂ ಅವನೇ ಅಂದುಕೊಂಡಿದ್ದ.

“ನಾ ಹೂಂ ಅನ್ನೂದಿಲ್ಲ ಅಣ್ಣಾ,” ಎಂದೆ.

“ಸ್ಲೈಡರ್ ಬರೋತನಕ ಯಾರು ಕಾಯೋರು? ಅಷ್ಟರಾಗ ಮತ್ತೊಂದು ಅಲೆ ಬಂದ್ರ?” ಎಂದವನು ಶೆಡ್ಡಿನ ಕೆಲಸದ ಹುಡುಗರಿಗೆ ಕೊಂಡಿ ಇಳಿಸಲು ಸನ್ನೆ ಮಾಡಿದ.

ಕೊನೆಗೆ ನಾನು ಮಾಡಿದ್ದು ಇಷ್ಟೇ. ಕೊಂಡಿಯ ಹಳಿಗಳನ್ನು ತೊಟ್ಟಿಯ ತಗಡಿಗೆ ಬಿಗಿಯಲು ಹೊರಟಿದ್ದರು. ನಿಂತು ಜಗಳವಾಡಿ ಚಾಸಿಗೇ ಬಿಗಿಸಿದೆ. ಬಿಚ್ಚುವ ಕ್ರಮವನ್ನು ಅಣ್ಣನಿಗೆ ಮತ್ತೆ ಮತ್ತೆ ಹೇಳಿದೆ. ಮೊದಲು ಟ್ರೈಲರಿನ ಕಾಲು ಇಳಿಸಬೇಕು, ಭಾರ ಅದರ ಕಾಲ ಮೇಲೆ ಬರಬೇಕು, ಆಮೇಲೆ ಹಿಡಿಕೆ ಎಳೆಯಬೇಕು. ಅವನು ಹೂಂ ಹೂಂ ಎನ್ನುತ್ತ ಫೋನಿನಲ್ಲಿ ಪೂಜೆಗೆ ಪುರೋಹಿತರನ್ನು ಗೊತ್ತುಮಾಡುತ್ತಿದ್ದ.

ಬ್ರಿಕ್‌ಫೀಲ್ಡ್ಸ್

ಹೊಸ ಗಾಡಿ ಎಂದಮೇಲೆ ಪೂಜೆಯಾಗದೆ ಊರು ಬಿಡುವ ಹಾಗಿಲ್ಲ. ಬ್ರಿಕ್‌ಫೀಲ್ಡ್ಸಿನ ಒಂದು ಗುಡಿಯ ಮುಂದೆ ಬೆಳಿಗ್ಗೆಯೇ ಗಾಡಿ ತಂದು ನಿಲ್ಲಿಸಿದೆವು. ಇಲ್ಲಿ ಪೂಜೆ ಮುಗಿಸಿ ಹಾಗೇ ಪೂರ್ವದ ಸಮುದ್ರಕ್ಕೆ ಹೊರಡುವುದೆಂದು ಎಲ್ಲರ ಬಟ್ಟೆಬರೆ ಟ್ರೈಲರಿನೊಳಗಿತ್ತು. ಪರದೇಶದವರು ಪಾಸ್‌ಪೋರ್ಟನ್ನು ಮೈಮೇಲೇ ಇಟ್ಟುಕೊಂಡು ತಿರುಗಬೇಕೆಂದು ನಾನೂ ವೈನಿಯೂ ಅದನ್ನು ಕೈಚೀಲದಲ್ಲಿ ಇಟ್ಟುಕೊಂಡಿದ್ದೆವು. ಮಾಂಟ್ ಕಿಯಾರಾದಲ್ಲಿ ಟ್ರೈಲರನ್ನು ಕಟ್ಟಿಕೊಂಡು ಅಲ್ಲಿಯವರೆಗೆ ಬಂದ ದಾರಿಯೆಲ್ಲ ಅಗಲ ರಸ್ತೆ, ಅಗಲ ತಿರುವು. ಏನೂ ತಾಗಲಿಲ್ಲ. ಅಣ್ಣ ಕನ್ನಡಿಯಲ್ಲಿ ನನ್ನ ಮುಖ ನೋಡುತ್ತ ಬಂದ.

ರಸ್ತೆಯಲ್ಲಿ ಮಲ್ಲಿಗೆ ಹೂವಿನ ವಾಸನೆ, ಸೀರೆ ಅಂಗಡಿಗಳ ಹಾಡು, ಬಾಳೆ ಎಲೆ ಊಟದ ಮನೆಗಳು. ಒಂದು ಗಳಿಗೆ ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ಇದ್ದೇನೆ ಅನ್ನಿಸಿತು; ಇಲ್ಲಿ ಯಾರೂ ಹಾರ್ನ್ ಹಾಕುವುದಿಲ್ಲ, ಅಷ್ಟೇ ವ್ಯತ್ಯಾಸ. ನಮ್ಮ ಗಾಡಿ ಅರ್ಧ ಬೀದಿ ಅಡ್ಡಗಟ್ಟಿದ್ದರೂ ಹಿಂದಿನವರು ಸುಮ್ಮನೆ ಕಾಯುತ್ತಿದ್ದರು.

ಎಲ್ಲರೂ ಇಳಿದೆವು. ವೈನಿ ಇಳಿಯಲಿಲ್ಲ. ಅವರ ತೊಡೆಯ ಮೇಲೆ ಕುಡಿಕೆ ಇತ್ತು.

“ಇದನ್ನು ಹಿಡ್ಕೊಂಡು ದೇವಸ್ಥಾನಕ್ಕೆ ಬರ್ಲಿಕ್ಕೆ ಆಗ್ತದಾ? ನಿನ್ನ ಅಣ್ಣನಿಗೆ ಗಾಡಿ ಪೂಜೆ ನೆನಪುಂಟು. ಇದು ನೆನಪಿಲ್ಲ.”

“ಟ್ರೈಲರಿನಾಗ ಇಟ್ಟು ಬರ್ರಿ ವೈನಿ.”

“ಬೇಡ. ಒಂದು ವರ್ಷ ಹೊರಗೆಯೇ ಉಂಟು. ಇವತ್ತಾದ್ರೂ ನನ್ನ ಹತ್ರ ಇರ್ಲಿ.”

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಾದರೂ ಇದ್ದಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

ತಮಿಳು ಪುರೋಹಿತರು ಬಂದು ಗಾಡಿಯ ಉದ್ದ ನೋಡಿ “ಅಪ್ಪಾ!” ಎಂದರು. ಗಂಧ, ಕುಂಕುಮ, ಪ್ರತಿ ಗಾಲಿಯ ಕೆಳಗೆ ನಿಂಬೆಹಣ್ಣು. ಕೊಂಡಿಗೆ ಪ್ರತ್ಯೇಕ ಹೂವಿನ ಹಾರ. ಗ್ರೀಸಿನ ಮೇಲೆ ಮಲ್ಲಿಗೆ ಕರಗಿ ಕಪ್ಪಾಯಿತು. ಕಾಯಿ ಒಡೆದು ಗಾಡಿ ಮುಂದೆ ಸರಿದು ನಿಂಬೆಹಣ್ಣು ಪಚಕ್ಕೆಂದಿತು. ಹರೀಶ ಎಲ್ಲವನ್ನೂ ಫೋನಿನಲ್ಲಿ ಹಿಡಿಯುತ್ತಿದ್ದ. ಇಲ್ಲಿಗೇ ಮುಗಿದಿದ್ದರೆ ಈ ಕಥೆಯೂ ಬೇರೆಯಾಗುತ್ತಿತ್ತು.

“ಒಂದು ಪ್ರದಕ್ಷಿಣಿ ಹಾಕಿ ಹೊರಡೋಣ,” ಎಂದ ಅಣ್ಣ.

ಧಾರವಾಡದಲ್ಲಿ ಅವನ ಮೊದಲ ಸ್ಕೂಟರ್ ಬಂದಾಗಲೂ ಅಪ್ಪ ಅವನಿಂದ ಹನುಮಪ್ಪನ ಗುಡಿಗೆ ಗಾಡಿಯಲ್ಲೇ ಒಂದು ಸುತ್ತು ಹಾಕಿಸಿದ್ದರು. ಆಮೇಲೆ ಕೊಂಡ ಪ್ರತಿ ಗಾಡಿಗೂ ಅದು ಆಗಿದೆ.

ನಾನು ಗುಡಿಯ ಸುತ್ತ ನೋಡಿದೆ. ದೇವರನ್ನು ಬಲಕ್ಕಿಟ್ಟುಕೊಂಡು ಸುತ್ತಬೇಕು. ಅಂದರೆ ಬರುವ ತಿರುವುಗಳೆಲ್ಲ ಬಲಕ್ಕೇ. ಹಿಂದಿನ ಓಣಿ ಹೂವಿನ ಅಂಗಡಿ, ನಿಲ್ಲಿಸಿದ ಮೋಟಾರ್ ಸೈಕಲ್ಲುಗಳ ನಡುವೆ ಒಂದು ಕಾರು ಹೋಗುವಷ್ಟಿತ್ತು.

“ಅಣ್ಣಾ, ಬ್ಯಾಡ. ಇದು ತಿರುಗೂದಿಲ್ಲ ಅಂತ ಹೇಳೀನಲ್ಲಾ? ಕಾಲ್ನಡಿಗಿಲೇ ನಾ ಹಾಕ್ತೀನಿ, ಬೇಕಾದ್ರ ಹನ್ನೊಂದು ಹಾಕ್ತೀನಿ.”

“ಅಪಶಕುನ ನುಡೀಬ್ಯಾಡ. ದೇವರ ಸುತ್ತ ಹೋಗೋವಾಗ ಏನಾಗ್ತದ?”

“ವೈನಿನ್ನಾದ್ರೂ ಇಳಸು.”

“ಆಕಿ ಕುಡಿಕಿ ಹಿಡಕೊಂಡು ಗುಡಿ ಮುಂದ ನಿಂತ್ರ ಜನ ಏನಂದಾರು? ಕೂತಿರ್ಲಿ.”

ಗಾಡಿ ಹೊರಟಿತು. ನಾನು ಬರಿಗಾಲಲ್ಲಿ ಪಕ್ಕದಲ್ಲಿ ನಡೆದೆ. ಚಪ್ಪಲಿ ಗುಡಿಯ ಬಾಗಿಲಲ್ಲಿತ್ತು. ಮೊದಲ ತಿರುವಿನಲ್ಲಿ ಜಾಗವಿತ್ತು, ದೊಡ್ಡದಾಗಿ ಬಳಸಿ ಹೋದ. ಎರಡನೆಯದರಲ್ಲಿ ಟ್ರೈಲರಿನ ಮೂತಿ ಪಿಕಪ್ಪಿನ ಗಾಜಿನ ಹತ್ತಿರ ಬಂದು ಒಂದು ಅಂಗೈಯಷ್ಟು ಬಿಟ್ಟು ಹೋಯಿತು. ನಾನು ತಗಡಿಗೆ ಬಡಿದು ನಿಲ್ಲಿಸು ಎಂದು ಕೂಗಿದೆ. ಒಳಗೆ ಮಂತ್ರದ ಸಿಡಿ ಹಾಕಿದ್ದ, ಕೇಳಿಸಲಿಲ್ಲ. ಮೂರನೇ ತಿರುವಿನಲ್ಲಿ ಹೂವಿನ ಅಂಗಡಿಯ ಬಕೆಟ್ಟುಗಳು ಅಡ್ಡ ಬಂದವು. ಅವುಗಳನ್ನು ತಪ್ಪಿಸಲು ಅಣ್ಣ ಸ್ಟಿಯರಿಂಗನ್ನು ಪೂರ್ತಿ ಬಲಕ್ಕೆಳೆದ.

ನಾನು ದಾರದಲ್ಲಿ ತೋರಿಸಿದ ಜಾಗಕ್ಕೇ ಬಂತು. ಟ್ರೈಲರಿನ ಬಲಮೂಲೆ ಸುತ್ತಿ ಬಂದು ಪಿಕಪ್ಪಿನ ಬೆನ್ನಿಗೆ ಒತ್ತಿತು, ತಗಡು ನರಳಿತು, ಗಾಜು ಡಬ್ಬೆಂದು ಪುಡಿಯಾಯಿತು.

ನಾನು ಎಡಬಾಗಿಲು ಎಳೆದೆ. ವೈನಿ ಕುಡಿಕೆಯ ಮೇಲೆ ಬಗ್ಗಿ ಕೂತಿದ್ದರು. ಬೆನ್ನು, ಸೆರಗು, ಕೂದಲು ತುಂಬ ಗಾಜಿನ ಹರಳು. ಕಿವಿಯ ಹಿಂದೆ ಒಂದೆರಡು ಕಡೆ ರಕ್ತ ಜಿನುಗಿತ್ತು, ಅಷ್ಟೇ. ದೇವರು ಕಾಪಾಡಿದ ಎನ್ನುವವರು ಅನ್ನಲಿ, ನಾನು ಅನ್ನುವುದಿಲ್ಲ. ಕುಡಿಕೆಗೆ ಏನೂ ಆಗಿರಲಿಲ್ಲ.

ಅಣ್ಣ ಇಳಿದು ಓಡಿಬಂದ. ಅವನ ಬಾಯಿಂದ ಮೊದಲು ಬಂದ ಮಾತು ಇದು: “ಇನ್ನೊಂದೇ ತಿರುವು ಇತ್ತಲ್ಲೇ!”

ವೈನಿ ನಿಧಾನಕ್ಕೆ ಇಳಿದರು. ಸೆರಗು ಕೊಡವಿದರು. ಹರಳುಗಳು ಕಿರುಗುಟ್ಟುತ್ತ ಉದುರಿದವು. ಕೈಚೀಲ ಹೆಗಲಿಗೇರಿಸಿ, ಕುಡಿಕೆಯನ್ನು ಮಗುವಿನ ಹಾಗೆ ಸೊಂಟಕ್ಕೆ ಒತ್ತಿಕೊಂಡು ನನ್ನನ್ನು ಕೇಳಿದರು.

“ಸುಮಾ, ಇಲ್ಲಿಂದ ಸೆಂಟ್ರಲ್ ಹತ್ರ ಅಲ್ವಾ? ವಿಮಾನ ನಿಲ್ದಾಣಕ್ಕೆ ರೈಲು ಉಂಟು.”

“ಎಲ್ಲಿಗೆ?” ಎಂದ ಅಣ್ಣ.

ವೈನಿ, ಓಡಿಬಂದ ಮಾನಸಿಯ ತಲೆಯ ಮೇಲೆ ಕೈಯಿಟ್ಟರು. ಹುಡುಗಿ ಅಳುತ್ತಿದ್ದಳು. “ಗೋ, ಅಮ್ಮಾ. ಐ ವಿಲ್ ಮ್ಯಾನೇಜ್ ಅಪ್ಪ,” ಎಂದು, ಆಮೇಲೆ ಅವಳ ಬಾಯಿಂದ ನಾನು ಕೇಳಿದ ಮೊದಲ ಕನ್ನಡ: “ಅಜ್ಜನಿಗೆ ನಾನು ಕೇಳಿದೆ ಅಂತ ಹೇಳು.”

ಸೆಂಟ್ರಲ್ ನಿಲ್ದಾಣ

ಬಿಸಿಲಲ್ಲಿ ಬರಿಗಾಲು ಸುಡುತ್ತಿತ್ತು. ಚಪ್ಪಲಿಗೆ ಗುಡಿಗೆ ಹಿಂತಿರುಗಿದರೆ ವೈನಿಯ ಮನಸ್ಸು ತಿರುಗೀತೆಂದು ನಾನು ಹೋಗಲಿಲ್ಲ. ಫಳಫಳ ಹೊಳೆಯುವ ನಿಲ್ದಾಣದೊಳಗೆ ಕೂದಲಲ್ಲಿ ಗಾಜು ತುಂಬಿದ ಒಬ್ಬಳು, ಚಪ್ಪಲಿಯಿಲ್ಲದ ಇನ್ನೊಬ್ಬಳು. ಕಾವಲಿನವನು ನಮ್ಮ ಕಾಲನ್ನಾಗಲಿ ಕುಡಿಕೆಯನ್ನಾಗಲಿ ನೋಡಲಿಲ್ಲ. ಮೂಗಿನಿಂದ ಜಾರಿದ್ದ ನನ್ನ ಮಾಸ್ಕನ್ನು ಮೇಲೇರಿಸಿಕೊಳ್ಳಲು ಸನ್ನೆ ಮಾಡಿದ. ನನಗೆ ಅಲ್ಲೇ ನಗು ಬಂದು ತಡೆಯಲಾಗಲಿಲ್ಲ. ವೈನಿಯೂ ನಕ್ಕರು. ನಗುತ್ತ ನಗುತ್ತ ಅವರಿಗೆ ಅಳು ಬಂತು. ಅಪ್ಪ ಸತ್ತಾಗಿನಿಂದ ಅತ್ತಿರಲಿಲ್ಲವಂತೆ. ಅಳಲು ಶುರುಮಾಡಿದರೆ ಆ ಫ್ಲ್ಯಾಟಿನಲ್ಲಿ ಎಲ್ಲಿಗೆ ಹೋಗಿ ಅಳುವುದು ಎಂದರು.

ಒಂದು ಜೊತೆ ರಬ್ಬರ್ ಚಪ್ಪಲಿ ಕೊಂಡು ರೈಲು ಹತ್ತಿದೆವು. ತಾಳೆ ತೋಟಗಳು ಸಾಲುಸಾಲಾಗಿ ಹಿಂದೆ ಓಡುತ್ತಿದ್ದಾಗ ಅಣ್ಣನ ಫೋನು ಬಂತು. ವೈನಿಯನ್ನು ಕೇಳುತ್ತಾನೆ, ಕ್ಷಮಿಸು ಎನ್ನುತ್ತಾನೆ ಎಂದುಕೊಂಡು ಸ್ಪೀಕರಿಗೆ ಹಾಕಿದೆ.

“ಸುಮಾ, ಪೊಲೀಸ್ರು ಬಂದಾರ. ಗಾಡಿ ತೆಗಿ ಅಂತಾರ. ಹಿಡಿಕಿ ಎಳೆದ್ರ ಬರವಲ್ತು. ನಾನೂ ಹರೀಶನೂ ಕೂಡಿ ಎಳದ್ವಿ.”

“ಕಾಲು ಇಳಿಸೀಯೇನು?”

“ಯಾವ ಕಾಲು?”

ನಾನು ಕಣ್ಣು ಮುಚ್ಚಿ ಮತ್ತೆ ಮೊದಲಿನಿಂದ ಹೇಳಿದೆ. ಟ್ರೈಲರಿನ ಕಾಲು ಇಳಿಸು. ಅದರ ಭಾರ ಅದೇ ಹೊರಲಿ. ನಿನ್ನ ಗಾಡಿಯ ಮೇಲೆ ಭಾರ ಇರೋತನಕ ದವಡೆ ಬಿಡೂದಿಲ್ಲ. ಎದುರಿಗೆ ವೈನಿ ಒಂದೊಂದೇ ಹರಳನ್ನು ಕೂದಲಿಂದ ಬಿಡಿಸಿ ಟಿಶ್ಯೂ ಕಾಗದದಲ್ಲಿ ಇಡುತ್ತ ಕೇಳುತ್ತಿದ್ದರು.

ಮಲ್ಪೆ

ಇಲ್ಲಿಗೆ ಪ್ರವಾಸ ಮುಗಿಯಬೇಕು. ಪರದೇಶದ ಕಥೆ ಬರೆಯುವವರು ವಿಮಾನ ಇಳಿದಲ್ಲಿಗೆ ನಿಲ್ಲಿಸುತ್ತಾರೆ. ಆದರೆ ನಾನು ಹೋದ ಕೆಲಸ ಮುಗಿದದ್ದು ಮಲ್ಪೆಯಲ್ಲಿ.

ಮುರಳಿ ಭಟ್ಟರನ್ನು ಕರೆತಂದಿದ್ದ. ವೈನಿ ಸೊಂಟದ ಮಟ್ಟದ ನೀರಿಗೆ ಇಳಿದು ಕುಡಿಕೆಯನ್ನು ಬಿಟ್ಟರು. ಅಲೆ ಅದನ್ನು ಒಂದು ಸಲ ವಾಪಸು ತಂದಿತು. ಅವರು ಮತ್ತೆ ಮುಂದಕ್ಕೆ ದೂಡಿ, “ಹೋಗಿ ಅಪ್ಪ,” ಎಂದರು. ಮಾನಸಿಯ ಮಾತನ್ನೂ ಹೇಳಿದರು. ದಡದಲ್ಲಿ ಮೀನು ವಿಂಗಡಿಸುತ್ತಿದ್ದ ಹೆಂಗಸರು ಬುಟ್ಟಿ ಸರಿಸಿ ನಮಗೆ ದಾರಿ ಬಿಟ್ಟರು.

ದಡಕ್ಕೆ ಬಂದು ಕೂತಾಗ ನನ್ನ ಫೋನಿಗೆ ಅಣ್ಣನಿಂದ ಫೋಟೋ ಬಂತು. ಪಿಕಪ್ಪಿಗೆ ಹೊಸ ಗಾಜು ಹಾಕಿಸಿದ್ದ. ತೊಟ್ಟಿಯಲ್ಲಿ ಹೊಸ ಕೊಂಡಿ. ಯಾರೋ ಬಳಸಿ ಬಿಟ್ಟ ಸ್ಲೈಡರ್ ಸಿಕ್ಕಿತಂತೆ. ಕೆಳಗೆ ಬರೆದಿದ್ದ: “ಸುಮಾ, ನೀ ಹೇಳಿದ್ದೇ ಖರೆ. ಸ್ಲೈಡರೇ ಹಾಕಿಸೀನಿ. ಈಗ ಎಷ್ಟು ತಿರುಗಿಸಿದ್ರೂ ತಾಗೂದಿಲ್ಲ. ವಾರಿಜಾಗ ತೋರಿಸು.”

ತೋರಿಸಿದೆ. ಅವರು ಒದ್ದೆ ಬೆರಳಲ್ಲಿ ಫೋಟೋವನ್ನು ದೊಡ್ಡದು ಮಾಡಿ ಹೊಸ ಗಾಜನ್ನು, ಗಾಜಿನ ಆಚೆಯ ಎಡಗಡೆಯ ಸೀಟನ್ನು ಬಹಳ ಹೊತ್ತು ನೋಡಿದರು.

“ಅವರಿಗೆ ಇನ್ನೂ ಹಿಚ್ಚಿನದ್ದೇ ತಪ್ಪು ಅಂತ ಉಂಟು, ನೋಡು.”

“ಏನಂತ ಬರೀಲಿ ವೈನಿ?”

“ಒಳ್ಳೆದಾಗಿದೆ ಅಂತ ಬರಿ. ಎಂತ ಮಾಡುದು? ಹುಡುಗಿಗೆ ಪರೀಕ್ಷೆ ಉಂಟು. ಮುಂದಿನ ವಾರ ಅದೇ ಸೀಟಿನಲ್ಲಿ ಕೂರ್ಬೇಕಲ್ಲ ನಾನು.”

ನನಗೆ ಹೇಳಬೇಕೆನಿಸಿದ ಮಾತುಗಳು ಬೇಕಾದಷ್ಟಿದ್ದವು. ಅವರ ಮುಖ ನೋಡಿ ಎಲ್ಲವನ್ನೂ ನುಂಗಿ, ಚಲೋ ಆಗ್ಯದ ಎಂದು ಬರೆದು ಕಳಿಸಿದೆ. ಆ ಕಡೆಯಿಂದ ತಕ್ಷಣ ಇನ್ನೊಂದು ಫೋಟೋ. ಅದೇ ಗುಡಿ, ಅದೇ ಹೂವಿನ ಅಂಗಡಿ, ಬಕೆಟ್ಟುಗಳನ್ನು ಒಳಗೆ ಸರಿಸಿದ್ದರು. ಹೊಸ ಕೊಂಡಿಗೆ ಹೊಸ ಹಾರ. ಅರ್ಧಕ್ಕೆ ನಿಂತಿದ್ದ ಪ್ರದಕ್ಷಿಣೆಯನ್ನು ಆವತ್ತು ಬೆಳಿಗ್ಗೆ ಪೂರ್ತಿ ಮಾಡಿದನಂತೆ, ಎಲ್ಲೂ ತಾಗಲಿಲ್ಲವಂತೆ.

ನಾನು ಅದನ್ನು ಗಟ್ಟಿಯಾಗಿ ಓದಿ ಹೇಳಿದೆ.

“ಅಂತೂ ಅವರ ಸುತ್ತು ಪೂರ್ತಿ ಆಯ್ತಲ್ಲ,” ಎಂದು ವೈನಿ ಸೆರಗಿನ ಉಪ್ಪುನೀರು ಹಿಂಡಿದರು.